ಮಳೆ ಡಬ್ಬಿಗೆ ಯಾವ ಬ್ಯಾಟರಿ? ಪವರ್ ಬ್ಯಾಂಕ್, 18650, ಎಎ ಸೆಲ್, ಎಲ್‌ಎಫ್‌ಪಿ

ಮೊದಲೇ ಹೇಳಿಬಿಡುತ್ತೇನೆ. ತೋಟದಲ್ಲೋ ಗದ್ದೆಯಲ್ಲೋ ಇಟ್ಟು ಬರುವಂಥ, ದಿನದ ಬಹುಪಾಲು ಮಲಗಿಯೇ ಇರುವ ಸಣ್ಣ ಯಂತ್ರಕ್ಕೆ ಎಲ್‌ಎಫ್‌ಪಿ, ಅಂದರೆ ಲಿಥಿಯಂ ಐರನ್ ಫಾಸ್ಫೇಟ್ ಸೆಲ್ಲೇ ಸರಿ. ಉಳಿದ ಮೂರನ್ನೂ ಹಾಕಿ ನೋಡಿದ್ದೇನೆ. ಪವರ್ ಬ್ಯಾಂಕ್ ಮೇಲಿನ ಸಿಟ್ಟಂತೂ ಇನ್ನೂ ಇಳಿದಿಲ್ಲ.

ಯಂತ್ರ ಏನು ಅಂತ ಹೇಳದೆ ಇದು ಅರ್ಥವಾಗುವುದಿಲ್ಲ. ಸುಂಟಿಕೊಪ್ಪದ ಹತ್ತಿರ ನಮ್ಮದು ರೊಬಸ್ಟಾ ಕಾಫಿ ತೋಟ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಹೇಗೆ ಅಂತ ಕೊಡಗಿನವರಿಗೆ ಗೊತ್ತು. ಒಂದು ಬ್ಲಾಕ್‌ಗೆ ಚೆನ್ನಾಗಿ ಹೊಡೆದ ಮಳೆ ರಸ್ತೆಯಾಚೆ ಬಂದೇ ಇರುವುದಿಲ್ಲ. ಇಂಚು ಬಿದ್ದಿದ್ದರೆ ನಿಶ್ಚಿಂತೆ. ಕಡಿಮೆಯಾಗಿದ್ದರೆ ಸ್ಪ್ರಿಂಕ್ಲರ್ ಜೋಡಿಸಬೇಕು, ಪಂಪಿಗೆ ಡೀಸೆಲ್ ಸುರಿಯಬೇಕು. ಅದಕ್ಕೇ ಬ್ಲಾಕಿಂದ ಬ್ಲಾಕಿಗೆ ಎತ್ತಿಕೊಂಡು ಹೋಗಿ ಇಡಬಹುದಾದ ಮಳೆ ಡಬ್ಬಿ ಮಾಡಿಕೊಂಡೆ. ಮೇಲೆ ಲಾಳಿಕೆ, ಅದರ ಕೆಳಗೆ ಆ ಕಡೆ ಈ ಕಡೆ ವಾಲುವ ಜೋಡಿ ಬಟ್ಟಲು. ಒಂದು ಸಲ ವಾಲಿದರೆ ಒಂದು ಸೆಂಟ್ ಮಳೆ, ಅಂದರೆ ಇಂಚಿನ ನೂರರಲ್ಲೊಂದು ಪಾಲು. ಬಟ್ಟಲಿಗೆ ಅಂಟಿಸಿದ ಅಯಸ್ಕಾಂತ ರೀಡ್ ಸ್ವಿಚ್ಚಿನ ಮುಂದೆ ಹಾದಾಗ ಮಲಗಿದ್ದ ಇಎಸ್‌ಪಿ32, ಅಂದರೆ ವೈಫೈ ಇರುವ ಪುಟ್ಟ ಕಂಪ್ಯೂಟರ್ ಚಿಪ್, ಎದ್ದು, ಒಂದು ಎಣಿಸಿ, ಮತ್ತೆ ಮಲಗುತ್ತದೆ. ಬೆಳಿಗ್ಗೆ ಗುಂಡಿ ಒತ್ತಿದರೆ ವೈಫೈ ಆನ್ ಮಾಡಿ ಮೊಬೈಲ್‌ಗೆ ಲೆಕ್ಕ ಕೊಡುತ್ತದೆ. ಅಷ್ಟೇ ಕೆಲಸ.

ಪವರ್ ಬ್ಯಾಂಕ್ ಮನೆಯಲ್ಲೇ ಇತ್ತು, ಹೆಸರಾಂತ ಕಂಪನಿಯದು, 10,000 ಎಂಎಎಚ್. ಕೇಬಲ್ ಸಿಕ್ಕಿಸಿ ಮೇಜಿನ ಮೇಲೆ ನೋಡಿದರೆ ಎಲ್ಲ ಸರಿ. ತೋಟದಲ್ಲಿಟ್ಟೆವು. ರಾತ್ರಿ ಗುಡುಗು ಸಮೇತ ಮಳೆ. ಬೆಳಿಗ್ಗೆ ತೋಟದ ಲೆಕ್ಕ ಬರೆಯುವ ರೈಟರ್ ಫೋನ್ ಮಾಡಿದರು: “ಸಾರ್, ನನ್ನ ಮಳೆ ಅಳೆಯೋ ಗ್ಲಾಸಲ್ಲಿ 60 ಸೆಂಟ್ ಇದೆ. ನಿಮ್ಮ ಡಬ್ಬಿ ಮಾತೇ ಆಡ್ತಿಲ್ಲ.” ಹೋಗಿ ಪವರ್ ಬ್ಯಾಂಕಿನ ಗುಂಡಿ ಒತ್ತಿದೆ. ನಾಲ್ಕಕ್ಕೆ ನಾಲ್ಕು ದೀಪವೂ ಉರಿಯಿತು. ಚಾರ್ಜ್ ಭರ್ತಿ ಇದೆ, ಆದರೆ ಹೊರಗೆ ಕರೆಂಟ್ ಕೊಡುತ್ತಿಲ್ಲ.

ಕಾರಣ ಇಷ್ಟು. ಪವರ್ ಬ್ಯಾಂಕ್ ಮಾಡಿರುವುದೇ ಫೋನ್ ಚಾರ್ಜ್ ಮಾಡುವುದಕ್ಕೆ. ಎಳೆಯುವ ಕರೆಂಟ್ ಒಂದು ಮಟ್ಟಕ್ಕಿಂತ ಇಳಿದರೆ, ಸಾಮಾನ್ಯವಾಗಿ 50ರಿಂದ 100 ಮಿಲಿಯಾಂಪ್ ಒಳಗೆ ಬಂದರೆ, ಫೋನ್ ತುಂಬಿತು ಅಂದುಕೊಂಡು ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಬಂದ್ ಆಗುತ್ತದೆ. ಇಎಸ್‌ಪಿ32 ಚಿಪ್ ಆಳ ನಿದ್ದೆಯಲ್ಲಿ ಎಳೆಯುವುದು ಸುಮಾರು 10 ಮೈಕ್ರೋಆಂಪ್. ಬೋರ್ಡಿನ ಮೇಲಿನ, ವೋಲ್ಟೇಜ್ ಇಳಿಸುವ ರೆಗ್ಯುಲೇಟರ್, ಕೆಂಪು ದೀಪ, ಯುಎಸ್‌ಬಿ ಚಿಪ್ ಎಲ್ಲ ಸೇರಿದರೂ ಕೆಲವೇ ಮಿಲಿಯಾಂಪ್. ನಮ್ಮ ಯಂತ್ರ ಎಷ್ಟು ಕಡಿಮೆ ತಿನ್ನುತ್ತದೋ ಪವರ್ ಬ್ಯಾಂಕ್ ಬಾಗಿಲು ಹಾಕುವುದು ಅಷ್ಟೇ ಖಚಿತ. ಕಡಿಮೆ ತಿನ್ನಲಿ ಅಂತ ತಾನೇ ನಾವು ಒದ್ದಾಡುವುದು!

ಅಲ್ಲಿಂದ ಶುರುವಾಯಿತು ನೋಡಿ ಸರ್ಕಸ್. ಪವರ್ ಬ್ಯಾಂಕ್ ಎಚ್ಚರವಾಗಿರಲಿ ಅಂತ ಟ್ರಾನ್ಸಿಸ್ಟರ್ ಮೂಲಕ 47 ಓಮ್ ರೆಸಿಸ್ಟರ್ ಹಾಕಿ, ಆಗಾಗ ಒಂದೊಂದು ಸೆಕೆಂಡ್ 100 ಮಿಲಿಯಾಂಪ್ ಎಳೆಯುವ ಹಾಗೆ ಮಾಡಿದೆ. 5 ವೋಲ್ಟ್‌ಗೆ 47 ಓಮ್ ಅಂದರೆ ಅರ್ಧ ವ್ಯಾಟ್ ಶಾಖ, ಕಾಲು ವ್ಯಾಟ್‌ನ ರೆಸಿಸ್ಟರ್ ಸಾಲದು, 1 ವ್ಯಾಟ್‌ನದ್ದೇ ಹಾಕಬೇಕು. ಕೆಲಸ ಮಾಡಿತು. ಆದರೆ ಯಾರಿಗೂ ಬೇಡದ ಶಾಖಕ್ಕೆ ಹಗಲೂ ರಾತ್ರಿ ಬ್ಯಾಟರಿ ಖರ್ಚು. ತಮ್ಮನ ಪವರ್ ಬ್ಯಾಂಕ್ ಹಾಕಿದರೆ ಅದರ ಲೆಕ್ಕವೇ ಬೇರೆ, ಇನ್ನೂ ಬೇಗ ಬೇಗ ತಟ್ಟಿ ಎಬ್ಬಿಸಬೇಕು. ಕೆಲವದರಲ್ಲಿ ಇಯರ್‌ಫೋನ್, ವಾಚ್‌ಗಳಿಗೆ ಅಂತ ಕಡಿಮೆ ಕರೆಂಟಿನ ಮೋಡ್ ಇರುತ್ತದೆ, ಗುಂಡಿ ಎರಡು ಸಲ ಒತ್ತಿದರೆ ಬರುತ್ತದೆ. ನಮ್ಮ ಮನೆಯದರಲ್ಲಿ ಅದೂ ಕೆಲವು ಗಂಟೆಗೆ ಮುಗಿಯಿತು. ರಾತ್ರಿಯೆಲ್ಲ ಹೋಗಿ ಗುಂಡಿ ಒತ್ತುವವರು ಯಾರು? ಆನೆ ಓಡಾಡುವ ಜಾಗ ಬೇರೆ.

ಇದರ ಜೊತೆಗೆ 10,000 ಅನ್ನುವುದು ಒಳಗಿನ 3.7 ವೋಲ್ಟ್ ಸೆಲ್ಲಿನ ಲೆಕ್ಕ. 5 ವೋಲ್ಟ್‌ಗೆ ಏರಿಸಿ ಹೊರಗೆ ಕೊಡುವಾಗ ಸಿಗುವುದು ಸುಮಾರು 6,000. ಪವರ್ ಬ್ಯಾಂಕಿನ ಹಿಂದೆ ಸಣ್ಣ ಅಕ್ಷರದಲ್ಲಿ ಅವರೇ ಬರೆದಿರುತ್ತಾರೆ.

ಒಂದು ಮಾತು ಮಾತ್ರ ಒಪ್ಪಬೇಕು. ನಿಮ್ಮ ಯಂತ್ರ ಮಲಗುವ ಜಾತಿಯದಲ್ಲ, ಸದಾ ವೈಫೈ ಆನ್ ಇಟ್ಟು 100 ಮಿಲಿಯಾಂಪ್ ಮೇಲೆ ಎಳೆಯುತ್ತದೆ, ಅಥವಾ ರಾಸ್ಪ್‌ಬೆರಿ ಪೈ ಥರದ್ದು ಅಂದರೆ ಕಣ್ಣು ಮುಚ್ಚಿ ಪವರ್ ಬ್ಯಾಂಕ್ ಹಾಕಿ. ಅಲ್ಲಿ ಈ ರಗಳೆ ಇಲ್ಲ.

ಆಮೇಲೆ 18650. ಹಳೇ ಲ್ಯಾಪ್‌ಟಾಪ್ ಬ್ಯಾಟರಿಯಲ್ಲಿ, ಟಾರ್ಚ್‌ನಲ್ಲಿ ಇರುವ ದಪ್ಪ ಸೆಲ್, 18 ಮಿಲಿಮೀಟರ್ ದಪ್ಪ, 65 ಉದ್ದ. ಟಿಪಿ4056 ಚಾರ್ಜರ್ ಬೋರ್ಡ್ ಕೆಲವೇ ರೂಪಾಯಿಗೆ ಸಿಗುತ್ತದೆ. ಎಲ್ಲರೂ ಮಾಡುವುದು ಇದೇ, ಕೆಟ್ಟದ್ದೇನಲ್ಲ. ಆದರೆ ತುಂಬಿದಾಗ 4.2 ವೋಲ್ಟ್, ಖಾಲಿಯಾಗುವಾಗ 3ರ ಆಸುಪಾಸು. ಇಎಸ್‌ಪಿ32ಗೆ ಬೇಕಾದ್ದು 3.0ರಿಂದ 3.6. ಹಾಗಾಗಿ ಮಧ್ಯೆ ಒಂದು ಬೋರ್ಡ್ ಬೇಕೇ ಬೇಕು. ಬಹಳ ಜನ ಬೂಸ್ಟ್ ಬೋರ್ಡ್ ಹಾಕಿ 5ಕ್ಕೆ ಏರಿಸುತ್ತಾರೆ, ಇಎಸ್‌ಪಿ32 ಬೋರ್ಡಿನ ರೆಗ್ಯುಲೇಟರ್ ಅದನ್ನು ಮತ್ತೆ 3.3ಕ್ಕೆ ಇಳಿಸುತ್ತದೆ. ಬಾವಿಯಿಂದ ಅಟ್ಟಕ್ಕೆ ನೀರು ಹೊತ್ತು, ಅಟ್ಟದಿಂದ ಅಡುಗೆಮನೆಗೆ ಇಳಿಸಿದ ಹಾಗೆ. ಎರಡೂ ಕಡೆ ಸೋರಿಕೆ, ಯಂತ್ರ ಮಲಗಿದ್ದಾಗಲೂ.

ನಕಲಿ ಸೆಲ್ ಕಾಟವೂ ಇದೆ. ಆನ್‌ಲೈನ್‌ನಲ್ಲಿ ಒಬ್ಬರು ಕಳಿಸಿದ ಸೆಲ್ ಮೇಲೆ 9900 ಎಂಎಎಚ್ ಅಂತ ಬರೆದಿತ್ತು. ಆ ಗಾತ್ರದಲ್ಲಿ ಸಾಮಾನ್ಯವಾಗಿ ಸಿಗುವ ಒಳ್ಳೆಯ ಸೆಲ್ 3,500ರ ಹತ್ತಿರ ನಿಲ್ಲುತ್ತದೆ. ಏಲಕ್ಕಿ ತೂಗುವ ಡಿಜಿಟಲ್ ತಕ್ಕಡಿಯಲ್ಲಿಟ್ಟೆ. ನಿಜವಾದದ್ದು 45 ಗ್ರಾಂ ಮೇಲೆ ತೂಗುತ್ತದೆ, ಇದು 30 ಕೂಡ ಮುಟ್ಟಲಿಲ್ಲ. ಹಣ ವಾಪಸ್ ಬರಲಿಲ್ಲ ಅಂತ ಬೇರೆ ಹೇಳಬೇಕಿಲ್ಲ ಅಲ್ವಾ.

ನನಗೆ ಇನ್ನೊಂದು ಅಳುಕು. ಹೂಮಳೆಗೆ ಕಾಯುವ ಹೊತ್ತಿನಲ್ಲಿ ತೋಟದ ನೆಲವೆಲ್ಲ ತರಗೆಲೆ. ಒಂದು ಬೀಡಿ ತುಂಡಿಗೂ ಹೆದರುವ ಕಾಲ. ಆಗ ಅಗ್ಗದ ಲಿಥಿಯಂ ಅಯಾನ್ ಸೆಲ್ ಒಂದನ್ನು ಎಲೆಯ ನಡುವೆ ಇಟ್ಟು ಬಂದು ಮನೆಯಲ್ಲಿ ನಿದ್ದೆ ಮಾಡಲು ನನಗಾಗುವುದಿಲ್ಲ. ಎಲ್‌ಎಫ್‌ಪಿಗೆ ಬೆಂಕಿ ಹತ್ತುವುದೇ ಇಲ್ಲ ಅಂತಲ್ಲ, ಆದರೆ ಶಾಖವನ್ನೂ ಪೆಟ್ಟನ್ನೂ ಅದು ಎಷ್ಟೋ ಜಾಸ್ತಿ ತಡೆಯುತ್ತದೆ.

ಎಎ ಗಾತ್ರದ ನಿಕ್ಕಲ್ ಮೆಟಲ್ ಹೈಡ್ರೈಡ್ ಸೆಲ್: ಅಪಾಯ ಕಡಿಮೆ, ಎಲ್ಲಿ ಬೇಕಾದರೂ ಸಿಗುತ್ತದೆ. ಒಂದಕ್ಕೆ 1.2 ವೋಲ್ಟ್, ಹಾಗಾಗಿ ಮೂರು ನಾಲ್ಕು ಸೇರಿಸಬೇಕು. ನಮ್ಮ ಜೂನ್, ಜುಲೈ ಥಂಡಿಗೆ ಹೋಲ್ಡರಿನ ಸ್ಪ್ರಿಂಗೆಲ್ಲ ತುಕ್ಕು. ಉಜ್ಜಿ ಸಾಕಾಯಿತು.

ಈಗ ಎಲ್‌ಎಫ್‌ಪಿ. ನಾನು ತಂದದ್ದು 32650 ಗಾತ್ರದ್ದು, 6,000 ಎಂಎಎಚ್, ಸೋಲಾರ್ ದೀಪಗಳಲ್ಲಿ ಹಾಕುವಂಥದ್ದು. ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಕ್ಕಿತು, ಒಂದಕ್ಕೆ ಮುನ್ನೂರು ರೂಪಾಯಿ ಒಳಗೆ. ಇದರ ವೋಲ್ಟೇಜ್ 3.2. ಚಾರ್ಜರಿನಿಂದ ತೆಗೆದು ಸ್ವಲ್ಪ ಹೊತ್ತು ಬಿಟ್ಟರೆ 3.4ರ ಕೆಳಗೆ ಬಂದು ನಿಲ್ಲುತ್ತದೆ. ಅಂದರೆ ಇಎಸ್‌ಪಿ32ಗೆ ಹೇಳಿ ಮಾಡಿಸಿದ್ದು. ಬೂಸ್ಟ್ ಬೇಡ, ರೆಗ್ಯುಲೇಟರ್ ಬೇಡ. ರೆಗ್ಯುಲೇಟರ್ ಎಲ್ಲ ಇರುವ ಡೆವಲಪ್‌ಮೆಂಟ್ ಬೋರ್ಡ್ ಬಿಟ್ಟು, ಚಿಪ್ ಇರುವ ಬರೀ ಮಾಡ್ಯೂಲನ್ನೇ ತೂತುಗಳಿರುವ ಡಾಟ್ ಬೋರ್ಡ್ ಮೇಲೆ ಬೆಸುಗೆ ಹಾಕಿ, ಸೆಲ್ಲಿನ ಎರಡು ವೈರ್ ನೇರ ಕೊಟ್ಟೆ. ವೈಫೈ ಏಳುವಾಗ ಕರೆಂಟ್ ಜಗ್ಗುತ್ತದೆ, ಅದಕ್ಕೆ ಪಕ್ಕದಲ್ಲೇ 470 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು. ಡಬ್ಬಿಯೊಳಗೆ ಈಗ ಇರುವುದು ಇಷ್ಟೇ, ಇರುವೆ ಬಂದರೂ ಕೂರಲು ಜಾಗ ಕಡಿಮೆ.

ಕೊರತೆ ಇಲ್ಲ ಅಂತಲ್ಲ. 18650 ಆದರೆ ವೋಲ್ಟೇಜ್ ನೋಡಿ ಎಷ್ಟು ಉಳಿದಿದೆ ಅಂತ ಅಂದಾಜು ಹೇಳಬಹುದು. ಇದು ಮುಕ್ಕಾಲು ಖಾಲಿಯಾದರೂ 3.2 ಅಂತಲೇ ತೋರಿಸುತ್ತದೆ, ಕೊನೆಯಲ್ಲಿ ಒಮ್ಮೆಗೇ ಕುಸಿಯುತ್ತದೆ. ಹಾಗಾಗಿ ನಾನು ಮೀಟರ್ ನಂಬುವುದಿಲ್ಲ. ಎರಡು ಸೆಲ್ ಇಟ್ಟುಕೊಂಡಿದ್ದೇನೆ. ಹೂಮಳೆಗೆ ಮುಂಚೆ ಒಮ್ಮೆ, ಮುಂಗಾರಿಗೆ ಮುಂಚೆ ಒಮ್ಮೆ ಬದಲಾಯಿಸುತ್ತೇನೆ. ಲೆಕ್ಕದ ಪ್ರಕಾರ ಇನ್ನೂ ಬಹಳ ಕಾಲ ಬರಬೇಕು, ಆದರೂ ನನಗೆ ಹೀಗೇ ಸಮಾಧಾನ. ಸೋಲಾರ್ ಪ್ಯಾನಲ್ ಹಾಕಬಹುದಲ್ಲ ಅಂತ ಕೇಳುತ್ತಾರೆ. ಸಿಲ್ವರ್ ಓಕ್ ನೆರಳಿನಲ್ಲಿ, ಅದೂ ಆಟಿ ತಿಂಗಳ ಜಡಿಮಳೆಯಲ್ಲಿ, ಯಾವ ಬಿಸಿಲು?

ಚಾರ್ಜರ್ ಬಗ್ಗೆ ಹುಷಾರು. ಟಿಪಿ4056 ಬೋರ್ಡ್ ಕೈಯಲ್ಲಿದೆ ಅಂತ ಅದಕ್ಕೇ ಎಲ್‌ಎಫ್‌ಪಿ ಸಿಕ್ಕಿಸಬೇಡಿ. ಅದು 4.2 ವೋಲ್ಟ್ ತನಕ ತುಂಬಿಸುತ್ತದೆ, ಈ ಸೆಲ್ಲಿಗೆ 3.65 ದಾಟಬಾರದು. ಟಿಪಿ5000 ಚಿಪ್ ಇರುವ ಬೋರ್ಡ್ ಕೇಳಿ. ಅದು ಎರಡು ಬಗೆಯ ಸೆಲ್ಲಿಗೂ ಆಗುತ್ತದೆ, 3.6ಕ್ಕೆ ಸೆಟ್ ಆಗಿದೆಯೇ ಅಂತ ಸೆಲ್ ಹಾಕುವ ಮುಂಚೆ ಮಲ್ಟಿಮೀಟರ್ ಇಟ್ಟು ನೋಡಿ. ಮಡಿಕೇರಿ, ಕುಶಾಲನಗರದ ಅಂಗಡಿಗಳಲ್ಲಿ ನನಗೆ ಸಿಗಲಿಲ್ಲ, ತರಿಸಿಕೊಳ್ಳಬೇಕಾಯಿತು. ಮಳೆಗಾಲದಲ್ಲಿ ಕೊರಿಯರ್ ಹೇಗೂ ತಡ, ಜನವರಿಯಲ್ಲೇ ಆರ್ಡರ್ ಹಾಕುವುದು ಒಳ್ಳೆಯದು.