ಗ್ಯಾಸ್ ಬಾಯ್ಲರ್‌ನ ನಾಕ್ಸ್ ಇಳಿಸಲು ಯಾವುದು ಮೇಲು: ಹೊಸ ಬರ್ನರ್, ಎಫ್‌ಜಿಆರ್, ಯೂರಿಯಾ?

ಪೀಣ್ಯದ ಡೈಯಿಂಗ್ ಯೂನಿಟ್ಟೊಂದರ ಬಾಯ್ಲರ್ ನೋಡಿಕೊಳ್ಳುವುದು ನನ್ನ ಕೆಲಸ. ಗ್ಯಾಸ್ ಬಾಯ್ಲರ್‌ಗೆ ಹೊಗೆ ಇಲ್ಲ, ಹಾಗಾಗಿ ಮಾಲಿನ್ಯವೂ ಇಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆದರೆ ಉರಿ 1,300 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ಗಾಳಿಯಲ್ಲಿರುವ ಸಾರಜನಕವೇ ಸುಟ್ಟು ನಾಕ್ಸ್ (ನೈಟ್ರೋಜನ್ ಆಕ್ಸೈಡ್ ಎಂಬ ಮಾಲಿನ್ಯದ ಅನಿಲಗಳು) ಆಗತೊಡಗುತ್ತದೆ. ಉರಿಯ ಬಿಸಿ ತಗ್ಗಿಸಬೇಕು, ಸ್ಟೀಮ್ ಮಾತ್ರ ತಗ್ಗಬಾರದು.

ಮೊದಲು ಗಾಳಿ ಸರಿಮಾಡಿದೆವು. ಚಿಮಣಿಯಲ್ಲಿ 6% ಇದ್ದ ಆಮ್ಲಜನಕವನ್ನು 3%ಕ್ಕೆ ತಂದಾಗ ನಾಕ್ಸ್ ಸ್ವಲ್ಪ ಇಳಿಯಿತು, ಗ್ಯಾಸೂ ಉಳಿಯಿತು. ಅದಕ್ಕಿಂತ ಕೆಳಗೆ ಹೋದರೆ ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಖರ್ಚಿಲ್ಲದ ಕೆಲಸ, ಎಲ್ಲರೂ ಮಾಡಲೇಬೇಕು.

ಲೋ-ನಾಕ್ಸ್ ಬರ್ನರ್ ಗ್ಯಾಸನ್ನು ಹಂತಹಂತವಾಗಿ ಉರಿಸುತ್ತದೆ. ಫಲಿತಾಂಶ ಚೆನ್ನಾಗಿದೆ, ಆದರೆ ಉರಿ ಉದ್ದವಾಗುತ್ತದೆ. ನಮ್ಮ ಹಳೆಯ ಬಾಯ್ಲರ್‌ನ ಫರ್ನೇಸ್ ಗಿಡ್ಡ. ನೋಡುಗಂಡಿಯಲ್ಲಿ ಕಣ್ಣಿಟ್ಟರೆ ಉರಿಯ ತುದಿ ಹಿಂದಿನ ಗೋಡೆಗೆ ಬಡಿಯುವುದು ಕಾಣುತ್ತಿತ್ತು. ಹೊಸ ಬಾಯ್ಲರ್ ಕೊಳ್ಳುವವರಿಗೆ ಇದೇ ಸರಿ, ಹಳೆಯದಕ್ಕೆ ಫರ್ನೇಸ್ ಅಳತೆ ಹಾಕದೆ ಕೂರಿಸಬೇಡಿ.

ನನಗೆ ಹಿಡಿಸಿದ್ದು ಎಫ್‌ಜಿಆರ್, ಅಂದರೆ ಫ್ಲೂ ಗ್ಯಾಸ್ ರೀಸರ್ಕ್ಯುಲೇಶನ್. ಚಿಮಣಿಗೆ ಹೋಗುವ ಗ್ಯಾಸಿನಲ್ಲಿ 15ರಿಂದ 20% ತಿರುಗಿಸಿ ಎಫ್‌ಡಿ ಫ್ಯಾನ್ (ಉರಿಗೆ ಗಾಳಿ ತಳ್ಳುವ ಫ್ಯಾನ್) ಮೂಲಕ ಮತ್ತೆ ಬರ್ನರ್‌ಗೆ ಬಿಡುವುದು. ಅದರಲ್ಲಿ ಆಮ್ಲಜನಕ ಕಮ್ಮಿ, ಉರಿಯ ಬಿಸಿಯನ್ನು ಅದೇ ಹೀರಿಕೊಳ್ಳುತ್ತದೆ. ನಮ್ಮಲ್ಲಿ ನಾಕ್ಸ್ ಅರ್ಧಕ್ಕಿಂತ ಕೆಳಗೆ ಬಂತು. ಕಿರಿಕಿರಿಯೂ ಇದೆ. ಫ್ಯಾನ್ ಮೇಲೆ ಲೋಡ್ ಜಾಸ್ತಿ, ಕರೆಂಟ್ ಬಿಲ್ ಏರುತ್ತದೆ. ಬೆಳಿಗ್ಗೆ ತಣ್ಣಗಿರುವಾಗಲೇ ಆ ಗ್ಯಾಸಿನ ದಾರಿಯ ಡ್ಯಾಂಪರ್ (ಮುಚ್ಚಿ ತೆರೆಯುವ ಬಾಗಿಲು) ತೆರೆದರೆ ಡಕ್ಟ್‌ನಲ್ಲಿ ನೀರು ಕಟ್ಟಿ ಫ್ಯಾನ್ ಕವಚದಿಂದ ತೊಟ್ಟಿಕ್ಕುತ್ತದೆ, ಆಮೇಲೆ ತುಕ್ಕು. ಬಾಯ್ಲರ್ ಬಿಸಿಯಾದ ಮೇಲೆ ನಿಧಾನಕ್ಕೆ ತೆಗೆಯಿರಿ, ಡಕ್ಟ್‌ನ ತಗ್ಗಿನಲ್ಲಿ ಡ್ರೇನ್ ಇಡಿ.

ಬಿಸಿ ಗ್ಯಾಸಿಗೆ ಯೂರಿಯಾ ಸಿಂಪಡಿಸಿ, ಅದರಿಂದ ಬರುವ ಅಮೋನಿಯಾದಿಂದ ನಾಕ್ಸ್ ಇಳಿಸುವುದನ್ನು ಕಲ್ಲಿದ್ದಲಿನ ದೊಡ್ಡ ಬಾಯ್ಲರ್ ಒಂದರಲ್ಲಿ ನೋಡಿದ್ದೇನೆ. ಅದಕ್ಕೆ 850ರಿಂದ 1,100 ಡಿಗ್ರಿಯ ಜಾಗ ಬೇಕು. ಬಿಸಿ ಸಾಲದಿದ್ದರೆ ಅಮೋನಿಯಾ ಹಾಗೇ ಹೊರಗೆ ಹೋಗುತ್ತದೆ. ಬಿಸಿ ಗ್ಯಾಸ್ ಕೊಳವೆಗಳೊಳಗೆ ಹಾದುಹೋಗುವ ನಮ್ಮಂಥ ಫೈರ್‌ಟ್ಯೂಬ್ ಬಾಯ್ಲರ್‌ನಲ್ಲಿ ಗ್ಯಾಸ್ ಅಷ್ಟು ಹೊತ್ತು ಬಿಸಿಯಾಗಿ ಇರುವುದೇ ಇಲ್ಲ. ಅಮೋನಿಯಾ ಜೊತೆ ಕ್ಯಾಟಲಿಸ್ಟ್ (ಕ್ರಿಯೆ ಚುರುಕಾಗಿಸುವ ವಸ್ತು) ಬಳಸುವ ಎಸ್‌ಸಿಆರ್ 80–90% ಇಳಿಸಬಲ್ಲದು, ಆದರೆ ಸಣ್ಣ ಯೂನಿಟ್ಟಿಗೆ ಆ ದುಡ್ಡು ಹೊಂದಿಸುವುದು ಕಷ್ಟ ಅಲ್ವಾ?

ಯಾವುದನ್ನೇ ಕೊಳ್ಳಿ, ಮಾರುವವರು ತೋರಿಸುವ ನಾಕ್ಸ್ ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) 3% ಆಮ್ಲಜನಕಕ್ಕೆ ಲೆಕ್ಕ ಹಾಕಿದ್ದಾ ಅಂತ ಕೇಳಿ. ಗಾಳಿ ಜಾಸ್ತಿ ಬಿಟ್ಟರೆ ಅಂಕಿ ಸುಮ್ನೆ ಕಮ್ಮಿ ಕಾಣುತ್ತದೆ.