ಯೂರಿಯಾ ಚೀಲದ ಮಣ್ಣು ಬೇಡವಂತೆ

ಚಳ್ಳಕೆರೆ ಸೀಮೆಯಲ್ಲಿ ನಮ್ಮದು ನಾಲ್ಕು ಎಕರೆ ಕೆಂಪು ಹೊಲ. ಮಳೆ ಬಂದರೆ ಶೇಂಗಾ. ಮುಂಗಾರಿಗೆ ಮೊದಲು ಒಂದು ಖಾಸಗಿ ಮಣ್ಣು ಪರೀಕ್ಷಾ ಕೇಂದ್ರಕ್ಕೆ ಹೋಗಿದ್ದೆ. ಹೆಸರು ಬರೆಯುವುದಿಲ್ಲ, ಹೊಗಳುವುದೂ ಇದೆ, ಬೈಯುವುದೂ ಇದೆ.

ಮೊದಲ ದಿನ ವಾಪಸು ಕಳಿಸಿದರು. ತೊಳೆದ ಯೂರಿಯಾ ಚೀಲದಲ್ಲಿ ಮಣ್ಣು ಒಯ್ದಿದ್ದೆ. "ಅಕ್ಕಾ, ಇದರಲ್ಲಿರುವ ಸಾರಜನಕ ಹೊಲದ್ದೋ ಚೀಲದ್ದೋ, ಹೇಗೆ ಹೇಳಲಿ?" ಎಂದ ಅಲ್ಲಿನ ಹುಡುಗ. ಸತು ಬಳಿದ ತಗಡಿನ ಬಕೆಟ್ಟೂ ಬೇಡವಂತೆ. ಬದು, ತಿಪ್ಪೆ, ಮರದ ನೆರಳು ಬಿಟ್ಟು ಹತ್ತು ಹನ್ನೆರಡು ಕಡೆ ಅರ್ಧ ಅಡಿ ಆಳ ತೋಡಿ, ಗುಂಡಿಯ ಮಗ್ಗುಲನ್ನು ಮೇಲಿನಿಂದ ಬುಡದವರೆಗೆ ಒಂದೇ ದಪ್ಪಕ್ಕೆ ಹೆರೆಯಬೇಕು. ಎಲ್ಲವನ್ನೂ ಕಲಸಿ ನಾಲ್ಕು ಪಾಲು ಮಾಡಿ, ಎದುರುಬದುರು ಎರಡನ್ನು ಚೆಲ್ಲುತ್ತ ಅರ್ಧ ಕೆಜಿಗೆ ಇಳಿಸಿ, ನೆರಳಿನಲ್ಲಿ ಒಣಗಿಸಬೇಕು. ಇದನ್ನೆಲ್ಲ ಚೀಟಿಯಲ್ಲಿ ಚಿತ್ರ ಬರೆದು ಕೊಟ್ಟ. ಕೊಟ್ಟ ಆರು ನೂರು ರೂಪಾಯಿಯಲ್ಲಿ ಅರ್ಧ ಆ ಹುಡುಗನಿಗೇ ಸಲ್ಲಬೇಕು.

ಸರ್ಕಾರದ ಮಣ್ಣು ಆರೋಗ್ಯ ಚೀಟಿ ಇತ್ತಲ್ಲ ಎನ್ನಬಹುದು. 2015ರಲ್ಲಿ ಶುರುವಾದ ಆ ಯೋಜನೆಯಲ್ಲಿ ಮಳೆಯಾಶ್ರಿತ ಜಮೀನಿಗೆ 10 ಹೆಕ್ಟೇರಿಗೆ ಒಂದು ಮಾದರಿ ಎಂಬ ಲೆಕ್ಕವಿತ್ತು. ಹಾಗಾಗಿ ನನ್ನ ಚೀಟಿಯಲ್ಲೂ ಪಕ್ಕದ ಹೊಲದವರ ಚೀಟಿಯಲ್ಲೂ ಒಂದೇ ಅಂಕಿ. ಅವರು ವರ್ಷವರ್ಷ ಗೊಬ್ಬರಕ್ಕೆಂದು ಕುರಿ ಮಂದೆ ನಿಲ್ಲಿಸುತ್ತಾರೆ, ನಾವು ನಿಲ್ಲಿಸುವುದಿಲ್ಲ.

ಖಾಸಗಿ ಕೇಂದ್ರದ ವರದಿಯಲ್ಲಿ ಸತು 0.4 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ ಎಷ್ಟು ಎಂಬ ಅಳತೆ) ಬಂತು, 0.6 ಆದರೂ ಬೇಕು. ಬೋರಾನ್, ಗಂಧಕ ಎರಡೂ ಕಡಿಮೆ. ರಂಜಕ ಮಾತ್ರ ಬೇಕಾದ್ದಕ್ಕಿಂತ ಹೆಚ್ಚು! ಪ್ರತಿ ವರ್ಷ ತಪ್ಪದೆ ಸುರಿದ ಡಿಎಪಿ ಗೊಬ್ಬರದ ಫಲ. ಅದರಲ್ಲಿ ಸಾರಜನಕ, ರಂಜಕ ಬಿಟ್ಟರೆ ಗಂಧಕವೂ ಇಲ್ಲ, ಸತುವೂ ಇಲ್ಲ. 2009ರಲ್ಲಿ ಹೈದರಾಬಾದ್ ಹತ್ತಿರದ ಪಟಾನ್‌ಚೆರುವಿನ ಕೃಷಿ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಜೊತೆ ನಮ್ಮ ಕೃಷಿ ಇಲಾಖೆ ಭೂಚೇತನ ಯೋಜನೆ ಶುರು ಮಾಡಿದಾಗ ಹೇಳಿದ್ದೂ ಇದೇ ಮೂರರ ಕೊರತೆ. ಆಗ ಕೇಳಿಸಿಕೊಂಡೂ ಕಿವಿಗೆ ಹಾಕಿಕೊಂಡಿರಲಿಲ್ಲ. ಶೇಂಗಾ ಜೊಳ್ಳಾದಾಗಲೆಲ್ಲ ನಮ್ಮ ಅತ್ತೆ ಬೈಯುತ್ತಿದ್ದುದು ಮಳೆಯನ್ನು.

ಈಗ ಬೈಗುಳ. ಹತ್ತು ದಿನದಲ್ಲಿ ಕೊಡುತ್ತೇವೆಂದ ವರದಿ ಇಪ್ಪತ್ತಾರನೇ ದಿನ ಬಂತು. ಅಷ್ಟರಲ್ಲಿ ಹದ ಬಂದು ಬಿತ್ತಿದ್ದೆವು. ಸತುವಿನ ಸಲ್ಫೇಟನ್ನು ಬಿತ್ತುವ ಮುಂಚೆ ಮಣ್ಣಿಗೆ ಸೇರಿಸಬೇಕು. ಆ ಅವಕಾಶ ಹೋಯಿತು. ವರದಿ ಪೂರ್ತಿ ಇಂಗ್ಲಿಷಿನಲ್ಲಿ, ಗೊಬ್ಬರದ ಲೆಕ್ಕ ಹೆಕ್ಟೇರಿಗೆ. ಗಂಧಕವೂ ಕಾಯಿ ತುಂಬಲು ಬೇಕಾದ ಕ್ಯಾಲ್ಸಿಯಂ ಕೂಡ ಇರುವ ಜಿಪ್ಸಂ 500 ಕೆಜಿ ಎಂದಿತ್ತು. ಎರಡೂವರೆಯಿಂದ ಭಾಗಿಸಿ, ಎಕರೆಗೆ ಐವತ್ತು ಕೆಜಿಯ ನಾಲ್ಕು ಚೀಲ ಎಂದು ನಾನೇ ಹೊಂದಿಸಿಕೊಂಡೆ. ಇಷ್ಟನ್ನು ಕನ್ನಡದಲ್ಲಿ ಬರೆದುಕೊಡಲು ಏನು ಕಷ್ಟ?

ಜಿಪ್ಸಂಗೆ ಹೊತ್ತು ಮೀರಿರಲಿಲ್ಲ. ಕಾಯಿ ಕಟ್ಟಲು ಹೂವಿನ ಸೂಜಿ ಮಣ್ಣಿಗೆ ಇಳಿಯುವ ಹೊತ್ತಿಗೆ ಹಾಕಿ ಮಣ್ಣೇರಿಸಿದೆವು. ಕೊನೆಯ ಎಂಟು ಸಾಲಿಗೆ ಸಾಲಲಿಲ್ಲ. ಈ ವರ್ಷ ಮಳೆಯೂ ಕೈಹಿಡಿದಿದ್ದರಿಂದ ಇಳುವರಿಯ ಮಾತು ಬೇಡ, ಆದರೆ ಕಿತ್ತಾಗ ಆ ಎಂಟು ಸಾಲಿನಲ್ಲಿ ಜೊಳ್ಳು ಎಂದಿನಂತೆಯೇ ಇತ್ತು, ಉಳಿದ ಕಡೆ ಕಡಿಮೆ. ಅತ್ತೆ ಎರಡೂ ಕಡೆಯ ಕಾಯಿ ಒಡೆದು ನೋಡಿ, "ಪಾಪ, ಮಳೆಗೆ ಸುಮ್ಮನೆ ಬೈದೆ" ಎಂದರು.

ಮತ್ತೆ ಅಲ್ಲಿಗೇ ಹೋಗುತ್ತೇನೆ, ಆದರೆ ಮಾರ್ಚ್ ತಿಂಗಳಲ್ಲಿ. ಬಟ್ಟೆಯ ಚೀಲ ಹೊಲಿದಿಟ್ಟಿದ್ದೇನೆ.