ಜ್ವಾಲಾಮುಖಿ, ಅರಿಶಿನ, ಮಳೆ ಬಾಟಲಿ: ನಮ್ಮ ಕ್ಲಾಸಲ್ಲಿ ಯಾವುದು ಗೆದ್ದಿತು

ಜುಲೈ ಬಂತೆಂದರೆ ನಮ್ಮ ಶಾಲೆಯ ಅಂಗಳಕ್ಕೆ ಮಕ್ಕಳನ್ನು ಬಿಡುವ ಹಾಗಿಲ್ಲ. ಪಾಚಿ ಜಾರುತ್ತದೆ, ಜಿಗಣೆ ಹತ್ತುತ್ತದೆ, ಕೊಡೆ ಹಿಡಿದರೂ ಅರ್ಧ ಮೈ ಒದ್ದೆ. ಮಳೆ ಜಾಸ್ತಿಯಾಗಿ ಡಿಸಿ ರಜೆ ಕೊಟ್ಟರೆ ಸರಿ. ಕೊಡದ ದಿನ ಕೊಡಗಿನ ಸಿದ್ದಾಪುರದ ಕಡೆಯ ನಮ್ಮ ಪುಟ್ಟ ಶಾಲೆಯಲ್ಲಿ ಒಂದೇ ಕೋಣೆ, 1ರಿಂದ 3ನೇ ಕ್ಲಾಸಿನ 22 ಮಕ್ಕಳು, ಜೊತೆಗೆ ನಾನು. ನಲಿ-ಕಲಿಯ ಚಟುವಟಿಕೆ ಕಾರ್ಡುಗಳು ಬಿಸಿಯೂಟದ ಹೊತ್ತಿನವರೆಗೆ ಹೇಗೋ ಎಳೆಯುತ್ತವೆ. ಆಮೇಲೆ ಹಂಚಿನ ಮೇಲೆ ಸುರಿಯುವ ಮಳೆಯಲ್ಲಿ ನನ್ನ ದನಿ ಹಿಂದಿನ ಸಾಲಿಗೆ ಕೇಳುವುದೇ ಇಲ್ಲ. ಕಿವಿ ಕೆಲಸ ಮಾಡದಿದ್ದರೆ ಕೈಗೆ ಏನಾದರೂ ಕೊಡಬೇಕು, ಅಲ್ವಾ?

ಹಾಗೆ ಶುರುವಾಯಿತು. ನಾಲ್ಕು ಮಳೆಗಾಲದಲ್ಲಿ ಮೊಬೈಲಿನಲ್ಲಿ ಕಂಡದ್ದು, ತರಬೇತಿಯಲ್ಲಿ ಹೇಳಿಕೊಟ್ಟದ್ದು, ಅಂಗಡಿಯಲ್ಲಿ ಸಿಕ್ಕಿದ್ದು ಎಲ್ಲ ಮಾಡಿ ನೋಡಿದೆ. ಒಂದೇ ವಿಷಯಕ್ಕೆ ಎರಡು ದಾರಿ ಇದ್ದರೆ ಎರಡನ್ನೂ. ಮಕ್ಕಳು "ಹೋ" ಅಂತ ಕೂಗಿದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಪಟಾಕಿಗೂ ಕೂಗುತ್ತಾರೆ. ಮುಗಿದ ಮೇಲೆ ಯಾರಾದರೂ "ಟೀಚರ್, ಅದರ ಬದಲು ಇದು ಹಾಕಿದ್ರೆ ಏನಾಗುತ್ತೆ?" ಅಂತ ಕೇಳಿದರಾ ಇಲ್ಲವಾ, ಅಷ್ಟೇ ನನ್ನ ಲೆಕ್ಕ.

ಜ್ವಾಲಾಮುಖಿ ಮತ್ತು ಬಲೂನು

ಎಲ್ಲರೂ ಮೊದಲು ಮಾಡುವುದು ಜ್ವಾಲಾಮುಖಿಯನ್ನೇ. ನಾನೂ ಅದನ್ನೇ ಮಾಡಿದೆ. ಕೆಮ್ಮಣ್ಣು ಕಲಸಿ ಗುಡ್ಡ ಕಟ್ಟುವುದಕ್ಕೆ ಒಂದು ಗಂಟೆ. ಒಳಗೆ ಬಾಟಲಿ, ಬಾಟಲಿಗೆ ಅಡುಗೆ ಸೋಡ, ಮೇಲಿನಿಂದ ವಿನೆಗರ್. ನೊರೆ ಉಕ್ಕಿ ಇಳಿಯುವುದಕ್ಕೆ ಅರ್ಧ ನಿಮಿಷವೂ ಬೇಡ. ಆಮೇಲೆ ಕೈಕಾಲೆಲ್ಲ ಕೆಸರು, ನೆಲ ಒರೆಸುವುದು ನನ್ನ ಪಾಲು.

ಒಮ್ಮೆ ವಿನೆಗರ್ ತೀರಿಹೋಯಿತು. ಮರುದಿನ ಎರಡನೇ ಕ್ಲಾಸಿನ ಹುಡುಗನೊಬ್ಬ ಮನೆಯಿಂದ ಸಣ್ಣ ಬಾಟಲಿಯಲ್ಲಿ ಕಾಚಂಪುಳಿ ತಂದ. ಪಂದಿಕರಿಗೆ, ಅಂದರೆ ಹಂದಿಮಾಂಸದ ಸಾರಿಗೆ ಹಾಕುವ ಅದೇ ಕಪ್ಪು ಹುಳಿ. ಹಣ್ಣಿನ ರಸವನ್ನು ಕುದಿಸಿ ಕುದಿಸಿ ಬತ್ತಿಸಿದ್ದು, ಚಮಚದ ಲೆಕ್ಕದಲ್ಲಿ ಬಳಸುವಂಥದ್ದು. ನೀರು ಬೆರೆಸಿ ಸೋಡದ ಮೇಲೆ ಸುರಿದೆವು. ಕಂದು ನೊರೆ ಗುಳುಗುಳು ಅಂತ ಎದ್ದಿತು. ಚೆಂದ ನೋಡಿದರೆ ವಿನೆಗರ್‌ಗಿಂತ ಇದೇ ಮೇಲು. ಆದರೆ ವಾರದ ನಂತರ ಅವನ ಅಜ್ಜಿ ಸಂತೆಯಲ್ಲಿ ಸಿಕ್ಕಿ, "ಏನು ಟೀಚರ್, ನಮ್ಮ ಪುಳಿಯೆಲ್ಲ ಸ್ಕೂಲಿನ ಗುಡ್ಡದ ಹೊಟ್ಟೆಗೆ ಹೋಯ್ತಂತೆ?" ಅಂದರು. ನಾನು ಏನು ಹೇಳಲಿ, ಸುಮ್ನೆ ನಕ್ಕೆ.

ನನಗೆ ಕಸಿವಿಸಿಯಾದದ್ದು ಬೇರೆ ಕಾರಣಕ್ಕೆ. "ಬೆಟ್ಟದೊಳಗೆ ವಿನೆಗರ್ ಹಾಕೋದು ಯಾರು?" ಅಂತ ಒಬ್ಬಳು ಕೇಳಿದಳು. ನಿಜವಾದ ಜ್ವಾಲಾಮುಖಿಯಲ್ಲಿ ಹುಳಿಯೂ ಇಲ್ಲ, ಸೋಡವೂ ಇಲ್ಲ. ಕರಗಿದ ಕಲ್ಲು, ಅದರೊಳಗೆ ಸಿಕ್ಕಿಕೊಂಡ ಅನಿಲ. ನಾವು ತೋರಿಸಿದ್ದು ಹೊರಗಿನ ವೇಷ ಮಾತ್ರ.

ಅದೇ ಸಾಮಾನಿನಲ್ಲಿ ಬಲೂನು ಮಾಡಿ. ಬಾಟಲಿಗೆ ಕಾಲು ಲೋಟ ವಿನೆಗರ್, ಬಲೂನಿನೊಳಗೆ ಒಂದು ಸಣ್ಣ ಚಮಚ ಸೋಡ. ಬಲೂನಿನ ಬಾಯಿಯನ್ನು ಬಾಟಲಿಗೆ ಸಿಕ್ಕಿಸಿ ಎತ್ತಿ ಹಿಡಿದರೆ ಸೋಡ ಕೆಳಗೆ ಬಿದ್ದು ಬಲೂನು ತಾನಾಗಿ ಉಬ್ಬುತ್ತದೆ. ಜ್ವಾಲಾಮುಖಿಯಲ್ಲಿ ನೊರೆಯಾಗಿ ಹೋಗಿಬಿಡುವ ಇಂಗಾಲದ ಡೈಆಕ್ಸೈಡ್ ಇಲ್ಲಿ ಕೈಗೆ ಸಿಗುತ್ತದೆ, ಹಿಸುಕಿ ನೋಡಬಹುದು. ಕೂಡಲೇ ಪ್ರಶ್ನೆ ಬಂತು: "ಎರಡು ಚಮಚ ಹಾಕಿದ್ರೆ ಡಬಲ್ ಆಗುತ್ತಾ?" ಹಾಕಿದೆವು. ಹೆಚ್ಚುಕಮ್ಮಿ ಅಷ್ಟೇ ಉಬ್ಬಿತು. ಮೂರಕ್ಕೂ ಅಷ್ಟೇ, ಬಾಟಲಿಯ ತಳದಲ್ಲಿ ಬಿಳಿ ಪುಡಿ ಕೂತಿತು. "ಹುಳಿ ಖಾಲಿ ಆಗಿದೆ" ಅಂತ ಮೂರನೇ ಕ್ಲಾಸಿನ ಹುಡುಗಿ ತೀರ್ಪು ಕೊಟ್ಟಳು. ಅಲ್ಲಿಂದ ಮುಂದೆ ನಾನು ಗುಡ್ಡ ಕಟ್ಟಿಲ್ಲ.

ಅರಿಶಿನ ಮತ್ತು ದಾಸವಾಳ

ಇದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ, ನಾಲ್ಕು ವರ್ಷದಲ್ಲಿ ಒಮ್ಮೆಯೂ ಕೈಕೊಡದೇ ಇದ್ದದ್ದು ಇದೊಂದೇ.

ಮೊದಲ ವರ್ಷ ಅರಿಶಿನವನ್ನು ನೀರಲ್ಲಿ ಕಲಸಿ, ಬಿಳಿ ಕಾಗದ ಅದ್ದಿ, ಕ್ಲಾಸಿನಲ್ಲಿ ಹಗ್ಗ ಕಟ್ಟಿ ಒಣಹಾಕಿದೆ. ಕೊಡಗಿನ ಜುಲೈಯಲ್ಲಿ ಸಾಕ್ಸೇ ಒಣಗುವುದಿಲ್ಲ, ಇನ್ನು ಕಾಗದ! ಎರಡು ದಿನ ಹಸಿಯಾಗಿಯೇ ನೇತಾಡಿ ಮುಗ್ಗಲು ವಾಸನೆ ಹಿಡಿಯಿತು. ಕೊನೆಗೆ ಬಿಸಿಯೂಟದ ಅಕ್ಕ ಒಲೆಯ ಪಕ್ಕದ ತಂತಿಗೆ ಹಾಕಿ ಒಣಗಿಸಿಕೊಟ್ಟರು. ಬಣ್ಣವೂ ಸಪ್ಪೆ, ಯಾಕೆಂದರೆ ಅರಿಶಿನದ ಬಣ್ಣ ನೀರಲ್ಲಿ ಸರಿಯಾಗಿ ಕರಗುವುದೇ ಇಲ್ಲ. ಮರುವರ್ಷ ಮೆಡಿಕಲ್ ಅಂಗಡಿಯ ಸ್ಪಿರಿಟ್‌ನಲ್ಲಿ ಕಲಸಿದೆ. ಹಳದಿ ದಟ್ಟವಾಗಿ ಇಳಿಯಿತು, ಕಾಗದ ಫ್ಯಾನು ಇಲ್ಲದೆಯೂ ಬೇಗ ಒಣಗಿತು. ಸ್ಪಿರಿಟ್ ಕೆಲಸ ದೊಡ್ಡವರದ್ದು, ಮಕ್ಕಳಿಲ್ಲದಾಗ ಕಿಟಕಿ ತೆಗೆದು ಮಾಡಿ. ಒಲೆಯ ಹತ್ತಿರ ಖಂಡಿತ ಬೇಡ.

ಬೆರಳಗಲದ ಪಟ್ಟಿ ಕತ್ತರಿಸಿ ಮಕ್ಕಳ ಕೈಗೆ ಕೊಟ್ಟೆ. ಸೋಪಿನ ನೀರಿನ ಒಂದು ಹನಿ ಬಿದ್ದ ಕಡೆ ಹಳದಿ ಹೋಗಿ ಕೆಂಪು. ಆ ಕೆಂಪಿನ ಮೇಲೆ ನಿಂಬೆರಸ ಬಿಟ್ಟರೆ ಮತ್ತೆ ಹಳದಿ. ಸುಣ್ಣದ ತಿಳಿಯನ್ನು ನಾನೇ ಕಡ್ಡಿಯಲ್ಲಿ ಮುಟ್ಟಿಸಿದೆ, ಅದು ಮಕ್ಕಳ ಕೈಗೆ, ಕಣ್ಣಿಗೆ ತಾಗಬಾರದು. "ಟೀಚರ್, ಇದು ಮದುವೆಮನೆಯ ಆರತಿ ನೀರು!" ಅಂತ ಒಬ್ಬಳು ಎದ್ದು ನಿಂತಳು. ಹೌದಲ್ಲ, ಅರಿಶಿನ, ಸುಣ್ಣ, ನೀರು. ನನಗೇ ಹೊಳೆದಿರಲಿಲ್ಲ. ಸಾರಿನ ಕಲೆ ಬಿದ್ದ ಯೂನಿಫಾರ್ಮಿಗೆ ಸೋಪು ಹಚ್ಚಿದರೆ ಕಲೆ ಕೆಂಪಾಗುವುದು ಯಾಕೆ ಅಂತಲೂ ಅವತ್ತೇ ತಿಳಿಯಿತು.

ಆಮೇಲೆ ಶುರು. ಮಳೆ ನೀರು, ಏನೂ ಇಲ್ಲ. ಉಪ್ಪು ನೀರು, ಏನೂ ಇಲ್ಲ. ಎಂಜಲು, ಬೇಡ ಅಂದರೂ ಹಾಕಿದರು, ಏನೂ ಇಲ್ಲ. ಮಿಕ್ಕ ಪಟ್ಟಿಗಳು ಜೇಬಿನಲ್ಲಿ ಮನೆಗೆ ಹೋದವು. ಮರುದಿನ ಲೈನ್ ಮನೆಯ (ತೋಟದ ಕಾರ್ಮಿಕರ ಸಾಲುಮನೆ) ಹುಡುಗನ ಪಟ್ಟಿ ಒಂದು ತುದಿಯಲ್ಲಿ ಕೆಂಪಾಗಿತ್ತು. "ಒಲೆ ಬೂದಿ ನೀರಲ್ಲಿ ಕಲಸಿದೆ" ಅಂದ. ಗ್ಯಾಸ್ ಇರುವ ಮನೆಯ ಮಕ್ಕಳು ಅವತ್ತು ಅವನ ಹತ್ತಿರ ಬೂದಿ ಕೇಳಿದರು. ಕ್ಲಾಸಿನಲ್ಲಿ ಬಾಯಿಯೇ ಬಿಡದ ಹುಡುಗ ಅವನು. ಬೂದಿಯಲ್ಲಿ ಪಾತ್ರೆ ತಿಕ್ಕಿದರೆ ಜಿಡ್ಡು ಹೋಗುವುದು ಸೋಪಿನ ಥರವೇ ಅನ್ನುವ ಮಾತು ಅಲ್ಲಿಂದ ತಾನಾಗಿ ಬಂತು.

ದಾಸವಾಳ ಬೇಲಿಯಲ್ಲೇ ಇದೆ, ಖರ್ಚಿಲ್ಲ. ಕೆಂಪು ಹೂವಿನ ಎಸಳನ್ನು ಬಿಸಿನೀರಲ್ಲಿ ಹತ್ತು ನಿಮಿಷ ಬಿಟ್ಟರೆ ನೀರು ನೇರಳೆ ಛಾಯೆಗೆ ತಿರುಗುತ್ತದೆ. ನಿಂಬೆ ಹಿಂಡಿದರೆ ಗುಲಾಬಿ, ಸೋಪು ಅಥವಾ ಬೂದಿ ನೀರು ಹಾಕಿದರೆ ಹಸಿರು. ಇದು ಎರಡೂ ಕಡೆ ತಿರುಗುತ್ತದೆ. ಅರಿಶಿನ ಕೆಂಪಾಗದಿದ್ದರೆ ಎದುರಿಗಿರುವುದು ಹುಳಿಯೋ ಬರೀ ನೀರೋ ಹೇಳಲಾಗುವುದಿಲ್ಲ. ದಾಸವಾಳ ಹೇಳುತ್ತದೆ. ವಿಜ್ಞಾನದ ಲೆಕ್ಕದಲ್ಲಿ ದಾಸವಾಳವೇ ಮೇಲು. ಆದರೆ ಎರಡು ದಿನಕ್ಕೆ ಕೊಳೆಯುತ್ತದೆ, ಜೇಬಿನಲ್ಲಿ ಮನೆಗೆ ಹೋಗುವುದಿಲ್ಲ. ಅದಕ್ಕೇ ನನ್ನ ಓಟು ಅರಿಶಿನಕ್ಕೆ. ಮೂರನೇ ಕ್ಲಾಸಿನವರಿಗೆ ಮಾತ್ರ ಎರಡನ್ನೂ ಮಾಡಿಸುತ್ತೇನೆ.

ಜೆಲ್ಲಿ ಗೋಲಿ ಮತ್ತು ಕಾಮಕಸ್ತೂರಿ

ನೀರಲ್ಲಿ ಹಾಕಿದರೆ ಗೋಲಿಯಷ್ಟು ದಪ್ಪ ಉಬ್ಬುವ ಬಣ್ಣದ ಜೆಲ್ಲಿ ಕಾಳುಗಳನ್ನು ಅಂಗಡಿಯಿಂದ ತಂದಿದ್ದೆ. ಮುಟ್ಟುವುದಕ್ಕೆ ಅದರಷ್ಟು ಮಜಾ ಬೇರೆ ಇಲ್ಲ, ಒಪ್ಪುತ್ತೇನೆ. ಎರಡನೇ ದಿನ ಒಂದನೇ ಕ್ಲಾಸಿನವನೊಬ್ಬ ಒಂದನ್ನು ಬಾಯಿಗೆ ಇಟ್ಟುಕೊಳ್ಳುವುದು ಕಂಡು ಎದೆ ಧಸಕ್ ಅಂತು. ಆ ಕಾಳು ಹೊಟ್ಟೆಗೆ ಹೋದರೆ ಒಳಗೂ ಉಬ್ಬುತ್ತದೆ. ಕರುಳು ಕಟ್ಟಿ ಆಪರೇಷನ್‌ವರೆಗೆ ಹೋಗಬಹುದು, ಸಾಮಾನ್ಯವಾಗಿ ಎಕ್ಸ್‌ರೇಯಲ್ಲಿ ಕಾಣುವುದೂ ಇಲ್ಲ. ಅವತ್ತೇ ಎಲ್ಲವನ್ನೂ ಕಟ್ಟಿ ಬಿಸಾಕಿದೆ.

ಬದಲಿಗೆ ಕಾಮಕಸ್ತೂರಿ ಬೀಜ. ಒಂದು ಚಮಚ ಬೀಜ, ಒಂದು ಲೋಟ ನೀರು, ಕಾಲು ಗಂಟೆ. ಪ್ರತಿ ಕಪ್ಪು ಬೀಜದ ಸುತ್ತ ಬೂದುಬಣ್ಣದ ಲೋಳೆಯ ಅಂಗಿ. "ಕಪ್ಪೆ ಮೊಟ್ಟೆ, ಕಪ್ಪೆ ಮೊಟ್ಟೆ!" ಅಂತ ಗಲಾಟೆ. ನಮ್ಮ ಮಕ್ಕಳು ಅದನ್ನು ಗದ್ದೆಯ ಬದುವಿನಲ್ಲಿ ನಿಜವಾಗಿ ನೋಡಿದವರು. ಬಣ್ಣವಿಲ್ಲ, ಹೊಳಪಿಲ್ಲ. ಆದರೆ ಬೆಲ್ಲ, ನಿಂಬೆ ಹಾಕಿ ಕೊನೆಗೆ ಕುಡಿದುಬಿಟ್ಟೆವು.

ಮೆಕ್ಕೆಜೋಳದ ಹಿಟ್ಟು, ಅಂದರೆ ಅಂಗಡಿಯ ಬಿಳಿ ಕಾರ್ನ್‌ಫ್ಲೋರ್, ಎರಡು ಲೋಟಕ್ಕೆ ಒಂದು ಲೋಟ ನೀರು ಹಾಕಿ ಕಲಸಿದರೆ ಗುದ್ದಿದಾಗ ಗಟ್ಟಿ, ಮೆಲ್ಲಗೆ ಬೆರಳಿಟ್ಟರೆ ನೀರು. ಚೆನ್ನಾಗಿದೆ, ಆದರೆ ತೊಳೆಯುವ ಕಷ್ಟ ದೇವರಿಗೇ ಪ್ರೀತಿ. ವರ್ಷಕ್ಕೊಮ್ಮೆ ಸಾಕು.

ವಾಸನೆ ಡಬ್ಬಿ ಮತ್ತು ಮುಟ್ಟಿ ನೋಡುವ ಚೀಲ

ವಾಸನೆ ಡಬ್ಬಿಯನ್ನು ಜುಲೈಯಲ್ಲಿ ಮಾಡಿ ಕೆಟ್ಟೆ. ಅರ್ಧ ಕ್ಲಾಸಿಗೆ ನೆಗಡಿ. ಮೂಗು ಕಟ್ಟಿದ ಮಗುವಿಗೆ ಏಲಕ್ಕಿಯೂ ಒಂದೇ, ಮರದ ಹೊಟ್ಟೂ ಒಂದೇ. ಮಳೆಗಾಲಕ್ಕೆ ಚೀಲವೇ ಸರಿ: ಹೊಳೆಕಲ್ಲು, ಹಲಸಿನ ಬೀಜ, ಸಿಪ್ಪೆಯಿರುವ ಒಣ ಕಾಫಿ, ಕೋಳಿ ಗರಿ, ಸಿಲ್ವರ್ ಓಕ್ ಎಲೆ.

ಡಬ್ಬಿಗೆ ಡಿಸೆಂಬರ್ ಒಳ್ಳೆಯದು. ಮುಚ್ಚಳಕ್ಕೆ ತೂತು ಮಾಡಿ, ಕಾಫಿಪುಡಿ, ಏಲಕ್ಕಿ, ಕಿತ್ತಳೆ ಸಿಪ್ಪೆ, ಮಜ್ಜಿಗೆ ಹುಲ್ಲು ಹಾಕಿಡಿ. ಕಾಳುಮೆಣಸಿನ ಪುಡಿ ಬೇಡ, ಇಡೀ ಕಾಳು ಹಾಕಿ, ಇಲ್ಲದಿದ್ದರೆ ಸೀನು ನಿಲ್ಲುವುದಿಲ್ಲ. ಒಂದರಲ್ಲಿ ಒಣಮೀನು ಇಟ್ಟಿದ್ದೆ, ಮುಚ್ಚಳ ಹತ್ತಿರ ಬರುವ ಮೊದಲೇ ಎಲ್ಲರಿಗೂ ಗೊತ್ತಾಯಿತು. ತೋಟದ ಕೆಲಸಕ್ಕೆ ಬಂದ ಮನೆಗಳ ಮಕ್ಕಳು ನಮ್ಮಲ್ಲಿ ಜಾಸ್ತಿ. ಏಲಕ್ಕಿ ಡಬ್ಬಿಗೆ ಒಬ್ಬಳು "ಏಲಕ್ಕ" ಅಂದಳು, ಒಬ್ಬ "ಏಲಕ್ಕಾಯ್" ಅಂದ, ಅಸ್ಸಾಮಿನಿಂದ ಬಂದು ಎರಡು ತಿಂಗಳಾದ ಹುಡುಗಿ "ಇಲಾಚಿ" ಅಂದಳು. ಅದು ಅವಳು ನಮ್ಮ ಕ್ಲಾಸಿನಲ್ಲಿ ಜೋರಾಗಿ ಹೇಳಿದ ಮೊದಲ ಮಾತು. ಹಾಗಾಗಿ ಇಲ್ಲಿ ಗೆದ್ದವರು ಸೋತವರು ಅಂತ ಇಲ್ಲ, ಕಾಲ ನೋಡಿ ಮಾಡುವುದು.

ಸೈನ್ಸ್ ಕಿಟ್ ಮತ್ತು ಮಳೆ ಬಾಟಲಿ

800 ರೂಪಾಯಿ ಕೊಟ್ಟು ಒಂದು ಸೈನ್ಸ್ ಕಿಟ್ ತರಿಸಿದ್ದೆ. ಸೂಚನೆಯೆಲ್ಲ ಇಂಗ್ಲಿಷು, ಪುಡಿ ಎರಡು ಸಲಕ್ಕೆ ಖಾಲಿ, 22 ಮಕ್ಕಳಿಗೆ ಒಂದು ಭೂತಗನ್ನಡಿ. ಆ ಭೂತಗನ್ನಡಿ ಮತ್ತು ಅಯಸ್ಕಾಂತ ಈಗಲೂ ಕೆಲಸಕ್ಕೆ ಬರುತ್ತಿವೆ. ಉಳಿದದ್ದು ಬೀರುವಿನಲ್ಲಿದೆ.

ಮಳೆ ಬಾಟಲಿಗೆ ಖರ್ಚು ಸೊನ್ನೆ. ಎರಡು ಲೀಟರಿನ ನೇರ ಬದಿಯ ಬಾಟಲಿಯ ಮೇಲ್ಭಾಗ ಕತ್ತರಿಸಿ ತಲೆಕೆಳಗಾಗಿ ಆಲಿಕೆಯ ಹಾಗೆ ಇಡಿ. ತಳ ಉಬ್ಬುತಗ್ಗಾಗಿರುತ್ತದೆ, ಅಲ್ಲಿ ಸಣ್ಣ ಕಲ್ಲು ಹಾಕಿ, ನೇರ ಬದಿ ಶುರುವಾಗುವವರೆಗೆ ನೀರು ತುಂಬಿ ಸೊನ್ನೆ ಗುರುತು ಹಾಕಿ. ಅಲ್ಲಿಂದ ಮೇಲೆ ಸ್ಕೇಲು ಅಂಟಿಸಿ. ಮಾಡು, ಮರ ಎರಡರಿಂದಲೂ ದೂರ ಇಡಿ.

"ಅಗಲ ಪಾತ್ರೆ ಇಟ್ರೆ ಮಳೆ ಜಾಸ್ತಿ ಬರುತ್ತೆ" ಅಂತ ಒಬ್ಬ ಹಟ ಹಿಡಿದ. ಬಿಸಿಯೂಟದ ನೇರ ಬದಿಯ ದೊಡ್ಡ ಪಾತ್ರೆ ಮತ್ತು ಒಂದು ಸ್ಟೀಲ್ ಡಬ್ಬಿಯನ್ನು ಪಕ್ಕಪಕ್ಕ ಮಳೆಗೆ ಇಟ್ಟೆವು. ಒಂದು ಗಂಟೆ ಬಿಟ್ಟು ಅಳೆದರೆ ಎರಡರಲ್ಲೂ ಎತ್ತರ ಒಂದೇ. ಅವನು ನಂಬಲಿಲ್ಲ. ಮೂರು ದಿನ ಅಳೆದ.

ಕೊಡಗಿನಲ್ಲಿ ಮಳೆ ಅಳೆಯುವುದು ಮಕ್ಕಳಾಟ ಅಲ್ಲ, ಎಷ್ಟೋ ತೋಟಗಳಲ್ಲಿ ಅದಕ್ಕೆ ಪುಸ್ತಕವೇ ಇರುತ್ತದೆ. ಲೆಕ್ಕ ಈಗಲೂ ಇಂಚು, ಸೆಂಟಿನಲ್ಲಿ. ಒಂದು ಇಂಚಿಗೆ 100 ಸೆಂಟ್, ಅಂದರೆ 25.4 ಮಿಲಿಮೀಟರ್. ಹೂ ಅರಳಿಸುವ ಬ್ಲಾಸಮ್ ಮಳೆ ಎಷ್ಟು ಸೆಂಟ್ ಬಂತು ಅನ್ನುವುದರ ಮೇಲೆ ಕಾಫಿ ಹೂವಿನ ಮಾತು. 2018ರ ಆಗಸ್ಟಿನ ಮಳೆ, ಭೂಕುಸಿತ ನೋಡಿದ ಮೇಲಂತೂ ಮನೆಯವರೂ ಮಳೆಯ ಅಂಕಿಯನ್ನು ಕಿವಿಗೊಟ್ಟು ಕೇಳುತ್ತಾರೆ. ಪಕ್ಕದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟ್ರ ಮೊಮ್ಮಗಳು ನಮ್ಮ ಕ್ಲಾಸಿನಲ್ಲೇ ಇದ್ದಾಳೆ. ಒಂದು ದಿನ ನಮ್ಮ ಬಾಟಲಿ 53 ಮಿಲಿಮೀಟರ್ ತೋರಿಸಿತು. ಲೆಕ್ಕ ಹಾಕಿ ಗೋಡೆಯ ಚಾರ್ಟಿನಲ್ಲಿ 2 ಇಂಚು 9 ಸೆಂಟ್ ಅಂತ ಬರೆದೆವು. "ತಾತನ ಪುಸ್ತಕದಲ್ಲಿ 2 ಇಂಚು 30" ಅಂದಳು.

ಆ ಜಗಳ ಇನ್ನೂ ಮುಗಿದಿಲ್ಲ. ತಾತ ಬೆಳಗ್ಗೆ ಬೇಗ ನೋಡುತ್ತಾರೆ, ನಾವು ಶಾಲೆಗೆ ಬಂದ ಮೇಲೆ ನೋಡುತ್ತೇವೆ, ಅದಕ್ಕೇ ವ್ಯತ್ಯಾಸ ಅಂತ ಮೊದಲು ಅಂದುಕೊಂಡರು. ಹವಾಮಾನ ಇಲಾಖೆಯವರು ಬೆಳಗ್ಗೆ 8.30ಕ್ಕೆ ದಿನದ ಲೆಕ್ಕ ಮುಗಿಸುವುದು ಇಂಥ ಗೊಂದಲ ಬೇಡ ಅಂತಲೇ ಅಂದೆ. ಆದರೆ ವಾರದ ಮಳೆಯನ್ನೆಲ್ಲ ಕೂಡಿಸಿದರೂ ನಮ್ಮದು ಕಮ್ಮಿಯೇ. ಹೊತ್ತಿನ ತಪ್ಪಾದರೆ ಒಟ್ಟು ಸರಿಹೋಗಬೇಕಿತ್ತಲ್ಲ? ಈಗ ಅನುಮಾನ ಅಂಗಳದ ಮೂಲೆಯ ಸಿಲ್ವರ್ ಓಕ್ ಮೇಲೆ. ಬಾಟಲಿಯನ್ನು ಧ್ವಜದ ಕಟ್ಟೆಯ ಕಡೆಗೆ ಹತ್ತು ಹೆಜ್ಜೆ ಸರಿಸಿ ಇಟ್ಟಿದ್ದಾರೆ. ಸೋಮವಾರ ಅಳೆಯಬೇಕು, ಡಿಸಿ ರಜೆ ಕೊಡದಿದ್ದರೆ.